ನೆರಳು ಬಿದ್ದ ಕಡೆಯಿಂದ ನೋಡು

ಪ್ರಿಯ ಗೆಳೆಯಾ,

ನಿನ್ನ ಕ್ಲಾಸಿನ ಮಕ್ಕಳಿಗೆ ತೋರಿಸಬೇಕೆಂದು ಕಳುಹಿಸಿದ ಚಿತ್ರವನ್ನು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಕನಸಿನಂಥ ಲೋಕವನ್ನು ಚಿತ್ರಿಸುವ ಸರ್ರಿಯಲಿಸ್ಟ್ ಪಂಥದ ಫ್ರೆಂಚ್ ಚಿತ್ರಕಾರ ಈವ್ ತಾಂಗಿ 1927ರಲ್ಲಿ ಬರೆದ ‘ಅಮ್ಮಾ, ಅಪ್ಪನಿಗೆ ಗಾಯವಾಗಿದೆ!’. ಬಲಗಡೆ ನಿಂತ ಆ ರೋಮದ ಕಂಬವೇ ಅಪ್ಪ ಅಲ್ವಾ ಎಂದು ಕೇಳಿದ್ದೀಯ. ನನಗೆ ಹಾಗನ್ನಿಸುವುದಿಲ್ಲ ಮಾರಾಯಾ.

ಆ ಹೆಸರು ನಮ್ಮನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ತಾಂಗಿ ಮತ್ತು ಆ ಪಂಥದ ಮುಂದಾಳು, ಕವಿ ಆಂದ್ರೆ ಬ್ರೆಟನ್ ಒಂದು ಮಧ್ಯಾಹ್ನವಿಡೀ ಕೂತು ಮನೋವೈದ್ಯದ ಪುಸ್ತಕಗಳನ್ನು ತಿರುವಿಹಾಕಿದರಂತೆ. ರೋಗಿಗಳು ಆಡಿದ ಮಾತುಗಳಲ್ಲಿ ಚಿತ್ರಗಳಿಗೆ ಹೆಸರು ಸಿಗಬಹುದೇ ಎಂದು ಹುಡುಕಾಟ. ಇದನ್ನು ತಾಂಗಿಯೇ ಹೇಳಿಕೊಂಡಿದ್ದಾನೆ. ಅವನು 1900ರಲ್ಲಿ ಹುಟ್ಟಿದವನು, 1908ರಲ್ಲಿ ಅಪ್ಪ ತೀರಿಕೊಂಡದ್ದೂ ನಿಜ. ಆ ನೋವು ಚಿತ್ರದೊಳಗೆ ಇರಬಹುದು. ಆದರೆ ಹೆಸರನ್ನು ಹಿಡಿದುಕೊಂಡು ಕಂಬಕ್ಕೆ ಅಪ್ಪ ಎಂದು ಚೀಟಿ ಅಂಟಿಸಿದರೆ ಉಳಿದದ್ದನ್ನು ನಾವು ನೋಡುವುದೇ ಇಲ್ಲ.

ಉಳಿದದ್ದರಲ್ಲೇ ಜಾಸ್ತಿ ಇದೆ. ಬರಿದಾದ ಬೂದು ನೆಲ ನೋಡು. ಕಂಬದ ಹತ್ತಿರ ದಾರ ಎಳೆದು ಕಟ್ಟಿದ ಹಾಗೆ ಸಣ್ಣ ಗೆರೆಗಳಿವೆ. ಅಲ್ಲಲ್ಲಿ ಬೀಜವೋ ಹುಳವೋ ತಿಳಿಯದ ಪುಟ್ಟ ಆಕಾರಗಳು. ಒಂದಕ್ಕೂ ಹೆಸರಿಡಲು ಆಗುವುದಿಲ್ಲ. ಆದರೂ ಅವುಗಳಿಗೆ ಕಪ್ಪಗೆ, ಸ್ಪಷ್ಟವಾಗಿ ನೆರಳು ಬಿದ್ದಿದೆ! ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ನೆರಳಿದೆ ಎಂದಮೇಲೆ ಅದಕ್ಕೆ ಮೈಯಿದೆ, ಭಾರವಿದೆ, ಎಲ್ಲಿಂದಲೋ ಬೆಳಕು ಬರುತ್ತಿದೆ. ಆ ನೆರಳುಗಳನ್ನು ಒರೆಸಿಬಿಟ್ಟರೆ ಅದು ಸುಮ್ನೆ ಬಣ್ಣದ ಮೇಲಿನ ಗುರುತುಗಳಾಗುತ್ತಿತ್ತು. ನೆರಳಿನಿಂದಾಗಿ ಅದೊಂದು ಊರಾಯಿತು, ಕಾಲಿಟ್ಟು ನಡೆಯಬಹುದಾದ ಜಾಗವಾಯಿತು.

ನಮ್ಮ ತೋಟದ ಮೂಲೆಯಲ್ಲಿರುವ, ನಮ್ಮ ಕಡೆಯ ದೈವ ಗುಳಿಗನ ಕಲ್ಲು ನಿನಗೆ ಗೊತ್ತಲ್ಲ. ಮರದ ಬುಡದಲ್ಲಿ, ಪಾಚಿ ಹಿಡಿದು, ದೀಪದ ಮಸಿ ಹತ್ತಿದ ಒಂದು ಕಲ್ಲು. ಅದಕ್ಕೆ ಕಣ್ಣಿಲ್ಲ, ಮೂಗಿಲ್ಲ. ಗುಳಿಗ ಹೀಗೇ ಇದ್ದಾನೆ ಎಂದು ಯಾರೂ ಹೇಳುವುದಿಲ್ಲ. ಆದರೂ ಅದನ್ನು ದಾಟಿ ಹೋಗುವವರಿಲ್ಲ, ಬಳಸಿಕೊಂಡೇ ಹೋಗುತ್ತಾರೆ. ಅದು ಯಾವುದರ ಹಾಗೂ ಕಾಣಬೇಕಾಗಿಲ್ಲ, ಅಲ್ಲಿದ್ದರೆ ಸಾಕು. ತಾಂಗಿಯ ಆಕಾರಗಳನ್ನೂ ನಾನು ಹೀಗೇ ನೋಡುತ್ತೇನೆ.

ಅವನಿಗೂ ಕಲ್ಲುಗಳ ಸಹವಾಸವಿತ್ತು. ಅಮ್ಮನ ಊರು ಫ್ರಾನ್ಸಿನ ಬ್ರಿಟನಿ ಸೀಮೆಯ ಲೊಕ್ರೊನಾನ್. ಆ ಸೀಮೆಯಲ್ಲೆಲ್ಲ ಸಾವಿರಾರು ವರ್ಷಗಳ ಹಿಂದಿನವರು ನೆಟ್ಟ ನಿಲುಗಲ್ಲುಗಳಿವೆ, ಹತ್ತಿರದಲ್ಲೇ ಸಮುದ್ರವಿದೆ. ಮುಂದೆ ಸ್ವಲ್ಪ ಕಾಲ ವ್ಯಾಪಾರಿ ಹಡಗಿನಲ್ಲೂ ದುಡಿದ. ಅವನ ಎಷ್ಟೋ ಚಿತ್ರಗಳಲ್ಲಿ ನೆಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದೇ ತಿಳಿಯುವುದಿಲ್ಲ. ಆ ಕಡಲತೀರವನ್ನು ನೆನೆದುಕೊಂಡರೆ ಇದೆಲ್ಲ ಬರೀ ತಲೆಯೊಳಗಿನ ಕಲ್ಪನೆ ಎನ್ನುವ ಧೈರ್ಯ ನನಗಿಲ್ಲ.

ಅದೇ ಪಂಥದ ಇನ್ನೊಬ್ಬ ಚಿತ್ರಕಾರ, ಸ್ಪೇನಿನ ಸಾಲ್ವಡಾರ್ ದಾಲಿಯದೂ ಇದೇ ಕಥೆ. ಅವನ 1931ರ ಚಿತ್ರದಲ್ಲಿ ಕರಗುವ ಗಡಿಯಾರಗಳನ್ನು ಕಂಡ ಕೂಡಲೇ ಜನ ಇದು ಕಾಲದ ಬಗ್ಗೆ ಐನ್‌ಸ್ಟೀನ್ ಹೇಳಿದ್ದೇ ಎನ್ನುತ್ತಾರೆ. ದಾಲಿ ಹೇಳಿದ್ದು ಬಿಸಿಲಿಗೆ ಕರಗುವ ಚೀಸಿನ ಮಾತು. ಹಿಂದೆ ಕಾಣುವ ಬಂಡೆಗಳಂತೂ ಅವನ ಊರ ಕಡೆಯ ಕಡಲ ಬಂಡೆಗಳೇ.

ಹಾಗಾಗಿ ಒಂದು ಕೆಲಸ ಮಾಡು. ಮಕ್ಕಳಿಗೆ ತೋರಿಸುವಾಗ ಚಿತ್ರದ ಹೆಸರು ಹೇಳಬೇಡ. ಇದರ ಅರ್ಥ ಎಂತ ಎಂದೂ ಕೇಳಬೇಡ. ಇಲ್ಲಿ ಯಾವುದು ಭಾರ, ಯಾವುದು ಗಾಳಿಗೆ ಅಲ್ಲಾಡೀತು, ಯಾವುದರ ಹತ್ತಿರ ಹೋಗಲು ಹೆದರಿಕೆ ಎಂದು ಕೇಳು. ಹೆಸರನ್ನು ಕೊನೆಗೆ ಹೇಳಿದರಾಯಿತು. ಆಮೇಲೆ ಯಾರಾದರೂ ಕಂಬವೇ ಅಪ್ಪ ಎಂದರೆ ತಡೆಯಬೇಡ. ಚಿತ್ರದ ಯಾವ ಜಾಗ ನೋಡಿ ಹಾಗನ್ನಿಸಿತು ಎಂದು ಕೇಳಿ, ಅವರು ಹೇಳಿದ್ದನ್ನು ನನಗೆ ಬರೆ.

ನಿನ್ನ ಗೆಳೆಯ,
ಕಾಸರಗೋಡಿನಿಂದ