ರಝಾಕ್‌ಗೆ, ದೋಹಾದ ಆ 29 ದಿನಗಳ ಬಗ್ಗೆ

ಪ್ರೀತಿಯ ರಝಾಕ್,

ನಿನ್ನೆ ರಾತ್ರಿ ಅಕ್ಕನ ಫೋನ್ ಬಂತು. ಅವಳ ಮಗನಿಗೆ ರಿಯಾದಿನ ವೀಸಾ ಆಗಿದೆ. ಸೇಫ್ಟಿ ಆಫೀಸರ್ ಕೆಲಸ. 2034ರ ಫುಟ್ಬಾಲ್ ವರ್ಲ್ಡ್ ಕಪ್ಪಿಗೆ ಕಟ್ಟುವ ಸ್ಟೇಡಿಯಂ ಅಂತ ಏಜೆಂಟ್ ಹೇಳಿದ್ದಾನಂತೆ. "ನೀನು ಹತ್ತು ವರ್ಷ ಕತಾರಿನಲ್ಲಿದ್ದವನು, ಕಳಿಸಬಹುದಾ ಹೇಳು" ಎಂದಳು. "ನಾಳೆ ಹೇಳ್ತೇನೆ ಅಕ್ಕ" ಎಂದು ಫೋನ್ ಇಟ್ಟೆ. ಆಮೇಲೆ ನಿದ್ದೆ ಬರಲಿಲ್ಲ.

ನಿನಗೆ ಫೋನ್ ಮಾಡಬಹುದಿತ್ತು. ಮಾಡಿದರೆ ನೀನು "ಬಿಡು ಮಾರಾಯ" ಅನ್ನುತ್ತೀಯ, ನಾನು ಬಿಡುತ್ತೇನೆ, ಇಬ್ಬರೂ ಹಮೀದಾಕನ ಮೂರನೇ ಮೊಟ್ಟೆಯ ಹಳೇ ತಮಾಷೆಯ ಕಥೆಗೆ ಹೋಗಿಬಿಡುತ್ತೇವೆ. ಕತಾರಿನ 2022ರ ಆ ವರ್ಲ್ಡ್ ಕಪ್ಪಿನ ಬಗ್ಗೆ ನಾವು ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ, ಗಮನಿಸಿದ್ದೀಯಾ? ಲುಸೈಲ್ ಸ್ಟೇಡಿಯಮ್ಮಿನ ಮುಂದೆ ನಿಂತ ಫೋಟೋ ಕಳಿಸಿದಾಗ ನೀನು ಒಂದು ಹೆಬ್ಬೆರಳು ಒತ್ತಿ ಸುಮ್ಮನಾದೆ. ತಿಂಗಳಿಡೀ ಸುಮ್ಮನಿದ್ದೆ. ನಾನೂ ಕೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಕಡೆ ಹಾಕುತ್ತಿರುವುದಕ್ಕೂ ಕಾರಣವಿದೆ. ಉಳ್ಳಾಲದಿಂದ ಭಟ್ಕಳದವರೆಗೆ ಗಲ್ಫಿಗೆ ಒಬ್ಬರನ್ನಾದರೂ ಕಳಿಸದ ಮನೆ ಎಷ್ಟಿದೆ ಹೇಳು. ಅವರ ಮನೆಗಳಲ್ಲೂ ಈಗ ಇದೇ ಮಾತು ನಡೆಯುತ್ತಿರಬಹುದು.

ಮೊದಲು ಸಂತೋಷದ ವಿಷಯ ಹೇಳಿಬಿಡುತ್ತೇನೆ. ಅದನ್ನು ಮುಚ್ಚಿಟ್ಟು ಮುಂದೆ ಹೋದರೆ ಸುಳ್ಳು ಹೇಳಿದ ಹಾಗಾಗುತ್ತದೆ.

ಅಲ್ಲಿ ವಾಸ ಇದ್ದವರಿಗೆ ಲೀಗ್ ಹಂತದ ಕಡಿಮೆ ದರದ ಟಿಕೆಟ್ 40 ರಿಯಾಲ್. ನಲವತ್ತೇ ರಿಯಾಲ್, ರಝಾಕ್! ನಾವಿಬ್ಬರೂ ವಾರಕ್ಕೆ ಕುಬ್ಬೂಸ್ ರೊಟ್ಟಿಗೂ ಕರಕ್ ಚಹಾಕ್ಕೂ ಅಷ್ಟು ಹಾಕುತ್ತಿದ್ದೆವು. ನನಗೆ ಸಿಕ್ಕಿದ್ದು ಅರ್ಜೆಂಟೀನಾ–ಸೌದಿ ಮ್ಯಾಚ್. 2022ರ ನವೆಂಬರ್ 22, ಮಧ್ಯಾಹ್ನ ಒಂದು ಗಂಟೆಗೆ ಆಟ ಶುರು. ಹತ್ತನೇ ನಿಮಿಷಕ್ಕೆ ಮೆಸ್ಸಿ ಪೆನಾಲ್ಟಿ ಹೊಡೆದ. ನಾನು ಹಾಕಿದ್ದು ಅರ್ಜೆಂಟೀನಾದ ಜೆರ್ಸಿ. ಆದರೆ ವಿರಾಮ ಮುಗಿದು ಎಂಟು ನಿಮಿಷದೊಳಗೆ ಸೌದಿಯ ಹುಡುಗರು ಒಂದರ ಹಿಂದೆ ಒಂದು ಎರಡು ಗೋಲು ಹೊಡೆದರಲ್ಲ, ಎರಡನೆಯದು ಸಾಲಿಂ ಅಲ್ ದೌಸರಿಯದು, ಆಗ ನಾನು ಆ ಜೆರ್ಸಿಯಲ್ಲೇ ಎದ್ದು ನಿಂತು ಕೂಗುತ್ತಿದ್ದೆ. ಪಕ್ಕದಲ್ಲಿದ್ದ ಸೌದಿಯ ಮುದುಕ ನನ್ನನ್ನು ಅಪ್ಪಿಕೊಂಡ. ಗಲ್ಫಿನಲ್ಲಿ ಕಳೆದ ಅಷ್ಟು ವರ್ಷಗಳಲ್ಲಿ ಒಬ್ಬ ಅರಬ್ಬಿ ನನ್ನನ್ನು ಅಪ್ಪಿಕೊಂಡದ್ದು ಅದೇ ಮೊದಲು. 2017ರಲ್ಲಿ ಇದೇ ಸೌದಿಯವರು ಕತಾರಿನ ಜೊತೆಗಿನ ಗಡಿ ಮುಚ್ಚಿದ್ದರು, ಅಂಗಡಿಯಲ್ಲಿ ಸೌದಿಯ ಲಬನ್ ಮಜ್ಜಿಗೆ ಹೋಗಿ ಟರ್ಕಿಯ ಹಾಲು ಬಂದಿತ್ತು, ನೆನಪಿದೆ ಅಲ್ವಾ? ಈಗ ಕತಾರಿನ ದೊರೆ ಅಮೀರರೇ ಸೌದಿ ಬಾವುಟವನ್ನು ಹೆಗಲಿಗೆ ಹಾಕಿಕೊಂಡಿದ್ದರು.

ಊರೇ ಬೇರೆಯಾಗಿತ್ತು ಮಾರಾಯ. ಸೂಕ್ ವಾಕಿಫ್ ಮಾರುಕಟ್ಟೆ ಹತ್ತಿರ ಕೀನ್ಯಾದ ಒಬ್ಬ ಹುಡುಗ ಎತ್ತರದ ಕುರ್ಚಿಯಲ್ಲಿ ಕೂತು, ಕೈಗೆ ದೊಡ್ಡ ಸ್ಪಂಜಿನ ಬೆರಳು ಹಾಕಿಕೊಂಡು "ಮೆಟ್ರೋ, ದಿಸ್ ವೇ" ಅಂತ ಹಾಡುತ್ತಿದ್ದ. ಜಗತ್ತೇ ಅವನ ಹಿಂದೆ ಹಾಡಿತು. ಕೂಲಿಗೆ ಬಂದವನ ಹಾಡನ್ನು ಸ್ಟೇಡಿಯಂ ತುಂಬ ಜನ ಹಾಡಿದ್ದನ್ನು ನೋಡಿ ನನ್ನ ಕಣ್ಣು ತುಂಬಿತ್ತು. ಇದನ್ನು ಬರೆಯಲು ನಾಚಿಕೆ ಇಲ್ಲ.

ಅದೇ ದಿನಗಳಲ್ಲಿ ಹೊಟ್ಟೆ ಉರಿಸಿದ ಒಂದು ಸಂಗತಿಯೂ ನಡೆಯಿತು. ಕೇರಳದ ಹುಡುಗರು ಡೋಲು ಹಿಡಿದುಕೊಂಡು, ಅರ್ಜೆಂಟೀನಾ, ಬ್ರೆಜಿಲ್, ಇಂಗ್ಲೆಂಡ್ ಜೆರ್ಸಿ ಹಾಕಿಕೊಂಡು ಕಡಲ ಬದಿಯ ಕಾರ್ನಿಶ್‌ನಲ್ಲಿ ಮೆರವಣಿಗೆ ಹೊರಟಿದ್ದರು. ಯುರೋಪಿನ ಎಷ್ಟೋ ಜನ ಆ ವಿಡಿಯೋ ನೋಡಿ "ಇವರು ದುಡ್ಡು ಕೊಟ್ಟು ತಂದ ಜನ, ನಕಲಿ ಅಭಿಮಾನಿಗಳು" ಅಂದರು. ಅವರಿಗೆ ನಮ್ಮ ಕಡೆ ಗೊತ್ತಿಲ್ಲ. ಕೋಯಿಕ್ಕೋಡಿನ ಪುಳ್ಳಾವೂರಿನಲ್ಲಿ ಹೊಳೆಯ ನಡುವೆ ಮೆಸ್ಸಿಯ ಕಟೌಟ್ ನಿಲ್ಲಿಸಿದ ಜನ ಅದು. ನಮ್ಮ ಓಣಿಯಲ್ಲಿ ಬ್ರೆಜಿಲ್ ಸೋತ ರಾತ್ರಿ ನಿನ್ನ ಅಣ್ಣ ಊಟ ಮಾಡಿರಲಿಲ್ಲ, ಅವನಿಗೆ ಯಾರು ದುಡ್ಡು ಕೊಟ್ಟಿದ್ದರು? ಆರು ತಿಂಗಳು ಕಬ್ಬಿಣ ಕಟ್ಟಿ, ಒಂದು ದಿನ ರಜೆ ಹಾಕಿ, ಜೆರ್ಸಿ ಕೊಂಡವನನ್ನು ನಕಲಿ ಅಂದರೆ ಹೇಗಾಗಬೇಡ. ನಮ್ಮ ಸಾವಿನ ಬಗ್ಗೆ ಮರುಗಿದವರಲ್ಲೇ ಕೆಲವರಿಗೆ ನಮ್ಮ ಕುಣಿತ ನಂಬಲು ಆಗಲಿಲ್ಲ. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಆದರೆ ಆ ಸಿಟ್ಟಿನ ಹಿಂದೆ ನಾನು ಒಂದು ವಿಷಯ ಬಚ್ಚಿಟ್ಟೆ. ಈಗ ಬರೆಯಬೇಕಾದದ್ದು ಅದು.

2021ರ ಫೆಬ್ರುವರಿಯಲ್ಲಿ ಗಾರ್ಡಿಯನ್ ಪತ್ರಿಕೆ ಒಂದು ಲೆಕ್ಕ ಹಾಕಿತ್ತು. ಕತಾರಿಗೆ ವರ್ಲ್ಡ್ ಕಪ್ ಸಿಕ್ಕ ಮೇಲಿನ ಹತ್ತು ವರ್ಷಗಳಲ್ಲಿ ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾದ 6,500ಕ್ಕೂ ಜಾಸ್ತಿ ಜನ ಅಲ್ಲಿ ಸತ್ತಿದ್ದಾರೆ ಅಂತ. ನಾನು ಆಫೀಸಿನಲ್ಲಿ ಇದರ ಮೇಲೆ ಜಗಳ ಮಾಡಿದ್ದೆ. "ಅದರಲ್ಲಿ ಎಲ್ಲ ಕೆಲಸದವರೂ ಸೇರಿದ್ದಾರೆ, ಕಾಯಿಲೆಯಿಂದ ಹೋದವರೂ ಇದ್ದಾರೆ, ಎಲ್ಲರೂ ಸ್ಟೇಡಿಯಂ ಕಟ್ಟುವಾಗ ಸತ್ತವರಲ್ಲ" ಅಂದಿದ್ದೆ. ಅದು ನಿಜವೂ ಹೌದು. ಸ್ಟೇಡಿಯಮ್ಮಿನ ಕೆಲಸದಲ್ಲಿ ಅಪಘಾತದಿಂದ ಸತ್ತವರು ಮೂವರೇ ಅಂತ ಸಂಘಟಕರು ಹೇಳುತ್ತಿದ್ದರು. ನಾನು ಅದನ್ನೇ ಹಿಡಿದುಕೊಂಡಿದ್ದೆ.

ನಮ್ಮ ಬೀದರಿನವನು ಈ ಯಾವ ಲೆಕ್ಕದಲ್ಲಿ ಬರುತ್ತಾನೆ, ರಝಾಕ್?

ಹೆಸರು ಬರೆಯುವುದಿಲ್ಲ. ನಿನಗೆ ಗೊತ್ತು. ಶಟರಿಂಗ್ ಕಾರ್ಪೆಂಟರ್. ದೋಹಾದ ಇಂಡಸ್ಟ್ರಿಯಲ್ ಏರಿಯಾ ಸನಯ್ಯದ ಆ ಕ್ಯಾಂಪಿನಲ್ಲಿ ನಮ್ಮ ಎದುರಿನ ರೂಮಿನಲ್ಲಿದ್ದ. ಅವನ ಕನ್ನಡ ನಿನಗೆ ಅರ್ಧ ತಿಳಿಯುತ್ತಿರಲಿಲ್ಲ, ನಿನ್ನ ಕನ್ನಡ ಅವನಿಗೆ ಪೂರ್ತಿ ತಿಳಿಯುತ್ತಿರಲಿಲ್ಲ. ಆದರೂ ನೀವಿಬ್ಬರು ಕೂತರೆ ನಗು ನಿಲ್ಲುತ್ತಿರಲಿಲ್ಲ. ಲುಸೈಲಿನಲ್ಲಿ ನಾವು ಕಟ್ಟುತ್ತಿದ್ದದ್ದು ಹೋಟೆಲ್, ಸ್ಟೇಡಿಯಂ ಅಲ್ಲ. ಆದರೆ ವರ್ಲ್ಡ್ ಕಪ್ಪಿಗೆ ಮುಂಚೆ ಮುಗಿಯಬೇಕು ಅಂತ ದಿನಾ ಬೆಳಗ್ಗೆ ಕೇಳುತ್ತಿದ್ದೆವು. ಅವನಿಗೆ ಫುಟ್ಬಾಲ್ ಗೊತ್ತಿರಲಿಲ್ಲ, ಕಬಡ್ಡಿಯವನು. ಒಂದು ಸಲ ಮೇಲಿನ ಫ್ಲೋರಿನಿಂದ ಸುತ್ತಲೂ ನೋಡಿ, "ಬರೇ ಆಟಕ್ಕ ಇಷ್ಟು ದೊಡ್ಡ ಊರು ಕಟ್ಲಕತ್ತಾರೇನ್ರಿ?" ಎಂದು ಕೇಳಿದ್ದ.

2017ರ ಜುಲೈ. ಆಗ ಮಧ್ಯಾಹ್ನ ಹನ್ನೊಂದೂವರೆಯಿಂದ ಮೂರರವರೆಗೆ ಮಾತ್ರ ಹೊರಗಿನ ಕೆಲಸ ನಿಲ್ಲಿಸುವ ನಿಯಮ ಇತ್ತು. ಹತ್ತು ಗಂಟೆಗೇ ಕಬ್ಬಿಣ ಮುಟ್ಟಲು ಆಗುತ್ತಿರಲಿಲ್ಲ. ಅವನು ಸತ್ತದ್ದು ರಾತ್ರಿ, ಮಲಗಿದ್ದಲ್ಲೇ. ಬೆಳಗ್ಗೆ ನಾಲ್ಕು ಗಂಟೆಗೆ ಬಸ್ಸಿಗೆ ಎಬ್ಬಿಸಲು ಹೋದಾಗ ಗೊತ್ತಾಯಿತು. ಅವನ ಪೆಟ್ಟಿಗೆ ಕಟ್ಟಿದ್ದು ನೀನು. ಕ್ಯಾಂಪಿನವರೆಲ್ಲ ಹತ್ತು ಇಪ್ಪತ್ತು ರಿಯಾಲ್ ಹಾಕಿದ್ದೆವು. ಸಾವಿನ ಕಾಗದದಲ್ಲಿ ಹೃದಯ ನಿಂತಿದೆ, ಸಹಜ ಸಾವು ಅಂತ ಬಂತು. ಸಹಜ ಅಂದರೆ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ. ಸಂಬಂಧ ಇಲ್ಲ ಅಂದರೆ ಪರಿಹಾರವೂ ಇಲ್ಲ. ಶವ ಪರೀಕ್ಷೆ ಮಾಡದೆ ಅಲ್ಲಿ ಎಷ್ಟೋ ಸಾವಿಗೆ ಹೀಗೆಯೇ ಬರೆಯುತ್ತಿದ್ದರು. ಮೂವತ್ತೂ ದಾಟದ ಹುಡುಗ.

ಇಷ್ಟು ನಿನಗೂ ಗೊತ್ತು. ನಿನಗೆ ಗೊತ್ತಿಲ್ಲದ್ದು ಇದು.

ಹಿಂದಿನ ರಾತ್ರಿ ಒಂಬತ್ತು ಗಂಟೆಗೆ ಅವನು ನನ್ನ ಹತ್ತಿರ ಬಂದಿದ್ದ. ನೀನು ಕೇರಂ ಆಡಲು ಬೇರೆ ರೂಮಿಗೆ ಹೋಗಿದ್ದೆ. ನಾನು ಟೈಮ್ ಕೀಪರ್ ಅಲ್ವಾ, ಮರುದಿನದ ಪಟ್ಟಿ ಬರೆಯುತ್ತಿದ್ದೆ. "ಎದಿ ಉರಿಲಕತ್ತದ್ರಿ, ನಾಳೆ ನಂಗ ರಜಾ ಹಾಕ್ರಿ" ಎಂದ. ಮರುದಿನ ಹನ್ನೊಂದನೇ ಫ್ಲೋರಿನ ಸ್ಲ್ಯಾಬ್ ಕಾಸ್ಟಿಂಗ್. ಜನ ಕಡಿಮೆ ಇದ್ದರು. ನಾನು "ನಾಳೆ ಒಂದು ದಿನ ಹೇಗಾದರೂ ಬಾ, ನಾಡಿದ್ದು ರಜೆ ಹಾಕೋಣ. ಈಗ ಲಬನ್ ಕುಡಿದು ಮಲಗು" ಎಂದೆ. ಅವನು "ಆಯ್ತ್ರಿ" ಎಂದು ಹೋದ. ಅಷ್ಟೇ. ಜಗಳ ಇಲ್ಲ, ಬೇಡಿಕೊಳ್ಳಲಿಲ್ಲ. ನನ್ನ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಹಾಜರಿ ಅಂತ ಗುರುತು ಹಾಕಿದೆ.

ಬೆಳಗ್ಗೆ ಸರ್ಕಾರಿ ಕಾಗದಪತ್ರ ನೋಡಿಕೊಳ್ಳುವ ಕಂಪನಿಯ ಮಂದೂಬ್ ಬಂದು ನನ್ನನ್ನೇ ಕೇಳಿದ. ಮೊದಲೇ ಏನಾದರೂ ತೊಂದರೆ ಹೇಳಿದ್ದನಾ ಅಂತ. ನಾನು ಇಲ್ಲ ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕೆಲಸ ಹೋಗುತ್ತದೆ ಅಂತ ಭಯ. ಆಗ ಕೆಲಸ ಬದಲಿಸಲು ಕಂಪನಿಯ ಒಪ್ಪಿಗೆ ಪತ್ರ, ಎನ್‌ಒಸಿ ಬೇಕಿತ್ತು, ಊರಿನಲ್ಲಿ ಮನೆ ಸಾಲ ಇತ್ತು. ಇವೆಲ್ಲ ನಿಜ. ಆದರೆ ಹೌದು ಎಂದಿದ್ದರೆ ಆ ಕಾಗದದಲ್ಲಿ ಬೇರೆ ಏನಾದರೂ ಬರೆಯಬೇಕಾಗುತ್ತಿತ್ತೋ ಏನೋ. ಅವನ ಹೆಂಡತಿಗೆ ಏನಾದರೂ ಸಿಗುತ್ತಿತ್ತೋ ಏನೋ. ಕೇಳುವವರಿಗೆ ಕೇಳಲು ಒಂದು ಕಾರಣವಾದರೂ ಇರುತ್ತಿತ್ತು. ನನ್ನ ಒಂದು ಮಾತು ಅದನ್ನು ಮುಚ್ಚಿತು.

ಸೌದಿ ಮ್ಯಾಚಿನ ದಿನ ಮೆಟ್ರೋ ಇಳಿದು ನಡೆಯುವಾಗ ಆ ಹೋಟೆಲ್ ಕಂಡಿತು. ಕಿಟಕಿಗಳಲ್ಲಿ ಬಾವುಟ ನೇತಾಡುತ್ತಿತ್ತು, ಬಾಗಿಲಲ್ಲಿ ಪೆಟ್ಟಿಗೆ ಹಿಡಿದ ಜನ. ಜೊತೆಯಲ್ಲಿ ನಡೆಯುತ್ತಿದ್ದ ಅರ್ಜೆಂಟೀನಾದ ಒಬ್ಬರಿಗೆ "ಇದು ನಾವು ಕಟ್ಟಿದ್ದು" ಎಂದೆ. ಎಷ್ಟು ಹೆಮ್ಮೆಯಿಂದ ಹೇಳಿದೆ ಗೊತ್ತಾ. ಅವರು ನಿಂತು ಅದರ ಮುಂದೆ ನನ್ನ ಫೋಟೋ ತೆಗೆದರು. ಆಮೇಲೆ ಕೆಳಗಿನಿಂದ ಹನ್ನೊಂದರವರೆಗೆ ಫ್ಲೋರ್ ಎಣಿಸಿದೆ. ನಿನಗೆ ಕಳಿಸಿದ್ದು ಸ್ಟೇಡಿಯಮ್ಮಿನ ಫೋಟೋ. ಈ ಫೋಟೋ ಯಾರಿಗೂ ಕಳಿಸಿಲ್ಲ.

ಫೈನಲ್ ನೋಡಿದ್ದು ಸನಯ್ಯದಲ್ಲೇ, ಏಷ್ಯನ್ ಟೌನಿನ ಕ್ರಿಕೆಟ್ ಸ್ಟೇಡಿಯಮ್ಮಿನಲ್ಲಿ. ಕೆಲಸದವರಿಗಾಗಿ ದೊಡ್ಡ ಪರದೆ ಹಾಕಿದ್ದರು. 3–3 ಆಗಿ, ಪೆನಾಲ್ಟಿಯಲ್ಲಿ ಅರ್ಜೆಂಟೀನಾ 4–2ರಲ್ಲಿ ಗೆದ್ದಾಗ ಬಂಗಾಳಿ, ನೇಪಾಳಿ, ಮಲಯಾಳಿ ಎಲ್ಲ ಒಂದೇ ಗಂಟಲಲ್ಲಿ ಕೂಗಿದರು. ನಾನೂ ಕೂಗಿದೆ. ನೀನು ಊರಿನಲ್ಲಿ ಟಿವಿ ಹಾಕಲಿಲ್ಲ ಅಂತ ಆಮೇಲೆ ನಿನ್ನ ತಮ್ಮ ಹೇಳಿದ. ಅವನು ಹೇಳದಿದ್ದರೂ ನನಗೆ ಗೊತ್ತಿತ್ತು.

ಆ ವರ್ಲ್ಡ್ ಕಪ್ ಬರಲೇಬಾರದಿತ್ತು ಎಂದು ಹೇಳಲು ನನ್ನಿಂದ ಆಗುವುದಿಲ್ಲ. ಜಗತ್ತಿನ ಕಣ್ಣು ಬಿದ್ದದ್ದರಿಂದಲೇ ಕೆಲವು ಬದಲಾದವು. 2020ರಲ್ಲಿ ಆ ಎನ್‌ಒಸಿ ತೆಗೆದರು. 2021ರ ಮಾರ್ಚಿನಿಂದ ಯಾವ ದೇಶದವನಿಗೂ ಕನಿಷ್ಠ 1,000 ರಿಯಾಲ್ ಸಂಬಳ, ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ಎಂದಾಯಿತು. ಅದೇ ವರ್ಷದಿಂದ ಬೇಸಿಗೆಯಲ್ಲಿ ಬೆಳಗ್ಗೆ ಹತ್ತಕ್ಕೇ ಹೊರಗಿನ ಕೆಲಸ ನಿಲ್ಲಿಸಬೇಕು, ಮೂರೂವರೆಯವರೆಗೆ ಶುರು ಮಾಡಬಾರದು. ನೀನು ಇವೆಲ್ಲ ಬರುವ ಮುಂಚೆಯೇ ಊರಿಗೆ ಬಂದೆ. ನಮ್ಮ ಬೀದರಿನವನು ಅದಕ್ಕೂ ಮುಂಚೆ ಹೋದ.

ಈಗ ಸೌದಿ. 2024ರ ಡಿಸೆಂಬರಿನಲ್ಲಿ 2034ರ ವರ್ಲ್ಡ್ ಕಪ್ ಅವರಿಗೆ ಕೊಟ್ಟಾಗ ಎದುರಾಳಿಯೇ ಇರಲಿಲ್ಲ. ಅವರು ಕೊಟ್ಟ ಯೋಜನೆಯಲ್ಲಿ ಐದು ಊರುಗಳಲ್ಲಿ 15 ಸ್ಟೇಡಿಯಂ. ಕತಾರಿನದು ಎಂಟೇ. ಸೌದಿಯಲ್ಲಿ ಬಿಸಿಲಿನ ರಜೆ ಇರುವುದು ಹನ್ನೆರಡರಿಂದ ಮೂರರವರೆಗೆ. ಎಷ್ಟು ಜನ ಬೇಕಾಗುತ್ತಾರೆ, ಎಲ್ಲಿಂದ ಬರುತ್ತಾರೆ, ನಿನಗೆ ನಾನು ಹೇಳಬೇಕಾಗಿಲ್ಲ. ಅಕ್ಕನ ಮಗನ ಕೈಯಲ್ಲಿ ಸೇಫ್ಟಿಯ ಪಟ್ಟಿ ಇರುತ್ತದೆ. ಯಾವನೋ ರಾತ್ರಿ ಒಂಬತ್ತು ಗಂಟೆಗೆ ಬಂದು ಎದೆ ಉರಿಯುತ್ತಿದೆ ಎನ್ನುತ್ತಾನೆ. ಇಪ್ಪತ್ತಮೂರು ವರ್ಷದ ಹುಡುಗ, ಮೇಲಿನವರು ಸ್ಲ್ಯಾಬ್ ಮುಗಿಸು ಎಂದರೆ ಏನು ಮಾಡುತ್ತಾನೆ?

ಹೋಗಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಈ ಮನೆ ನಿಂತದ್ದೂ ಆ ದುಡ್ಡಿನಿಂದಲೇ. ಆದರೆ ಅವನು ವಿಮಾನ ಹತ್ತುವ ಮುಂಚೆ ನಾನು ಮಾಡಿದ್ದನ್ನು ಅವನಿಗೆ ಹೇಳಬೇಕು. ಅಕ್ಕನ ಎದುರಿಗೇ ಹೇಳಬೇಕು. ಅದಕ್ಕೂ ಮೊದಲು ನಿನಗೆ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ವೀಸಾದ ವಿಷಯ ಕೇಳಿ ನಿಲ್ಲಿಸೋಣ ಅಂತ ಇದ್ದೆ.

ನಮ್ಮ ಬೀದರಿನವನ ಅಣ್ಣನ ನಂಬರ್ ನಿನ್ನ ಹತ್ತಿರ ಇದೆ. ಪ್ರತಿ ರಂಜಾನಿಗೆ ನೀನು ಅಲ್ಲಿಗೆ ಏನೋ ಕಳಿಸುತ್ತೀಯ ಅಂತಲೂ ಗೊತ್ತು. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಆ ನಂಬರ್ ನನಗೆ ಕಳಿಸು. ಫೋನಿನಲ್ಲಿ ಹೇಳುವ ಮಾತಲ್ಲ ಇದು. ಬೀದರಿಗೇ ಹೋಗುತ್ತೇನೆ. ನೀನೂ ಬಂದರೆ ನನಗೆ ಧೈರ್ಯ.

ಸಾಕು ಮಾರಾಯ, ಬೆಳಗಾಯಿತು. ಹಾಲಿನವನು ಗಂಟೆ ಹೊಡೆಯುತ್ತಿದ್ದಾನೆ. ಭಾನುವಾರ ಅಕ್ಕನ ಮಗನನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ಉಮ್ಮನಿಗೆ ಕಲ್ತಪ್ಪ ಮಾಡಲು ಹೇಳು, ಸ್ವಲ್ಪ ಜಾಸ್ತಿಯೇ ಮಾಡಲಿ, ಹುಡುಗ ಚೆನ್ನಾಗಿ ತಿನ್ನುತ್ತಾನೆ. ಹಮೀದಾಕನನ್ನೂ ಕರೆ. ಮೂರನೇ ಮೊಟ್ಟೆಯ ವಿಷಯ ಮಾತ್ರ ಹುಡುಗನ ಎದುರು ಎತ್ತಬೇಡ, ಅವನಿನ್ನೂ ಗಲ್ಫ್ ನೋಡಿಲ್ಲ.

ನಿನ್ನ,
ದಿನೇಶ