ಸನ್ಮಾನ ಒಂದೇ ಸಂಜೆಗೆ ಮುಗಿಯದಿರಲಿ

ಮಾನ್ಯ ಸಂಪಾದಕರೇ,

ನಿವೃತ್ತ ಪ್ರಾಧ್ಯಾಪಕರನ್ನು ಅವರ ಜೀವಮಾನದ ಸಾಧನೆ ಮತ್ತು ಸಮಾಜ ಸೇವೆಗಾಗಿ ಸನ್ಮಾನಿಸಿದ ವರದಿ ಓದಿ ತುಂಬಾ ಸಂತೋಷವಾಯಿತು, ಆದರೆ ಈ ಗೌರವ ಒಂದು ಸಂಜೆಯ ಸಮಾರಂಭಕ್ಕೇ ಮುಗಿಯಬಾರದು.

ನಿವೃತ್ತಿ ಅನ್ನುವುದು ಕೆಲಸದ ನಿಯಮ, ವಿದ್ವತ್ತಿಗೆ ಅದು ಅನ್ವಯಿಸುವುದಿಲ್ಲ ಅಲ್ವಾ? ಲಿಥಿಯಂ ಅಯಾನ್ ಬ್ಯಾಟರಿಯ ಕೆಲಸಕ್ಕೆ 2019ರಲ್ಲಿ ನೊಬೆಲ್ ಬಂದಾಗ ಪ್ರೊಫೆಸರ್ ಜಾನ್ ಗುಡ್‌ಇನಫ್ ಅವರಿಗೆ 97 ವರ್ಷ. ಆಗಲೂ ಅವರು ಸಂಶೋಧನೆ ಮಾಡುತ್ತಿದ್ದರು, ಯಾಕೆಂದರೆ ವಿಶ್ವವಿದ್ಯಾಲಯ ಅವರಿಗೆ ಜಾಗ ಕೊಟ್ಟಿತ್ತು. ಎಷ್ಟೋ ಮಂದಿಗೆ ಆ ಭಾಗ್ಯ ಇಲ್ಲ. ನಿವೃತ್ತಿಯಾದ ಕೂಡಲೇ ಗ್ರಂಥಾಲಯದ ಕಾರ್ಡು, ಕೂರುವ ಮೇಜು ಎರಡೂ ಹೋಗುತ್ತವೆ. ದಶಕಗಳ ಕಾಲ ಕೂಡಿಟ್ಟ ಟಿಪ್ಪಣಿ, ಕ್ಷೇತ್ರಕಾರ್ಯದ ಪುಸ್ತಕ, ಧ್ವನಿಮುದ್ರಣಗಳು ಮನೆಯ ಮೂಲೆ ಸೇರಿ, ಅವರ ಕಾಲದ ನಂತರ ರದ್ದಿಗೆ ಹೋಗುವುದೂ ಉಂಟು. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವ ಸಂಗತಿ.

ಇನ್ನು ಸೇವೆಯ ಮಾತು. ಹಣ ಪಡೆಯದೆ ಪಾಠ ಹೇಳುವವರು, ಯಾರದೋ ಪ್ರಬಂಧವನ್ನು ಸಾಲು ಸಾಲಾಗಿ ತಿದ್ದಿಕೊಡುವವರು ಎಷ್ಟೋ ಮಂದಿ ಇದ್ದಾರೆ. ಅದು ಯಾವ ದಾಖಲೆಗೂ ಸೇರುವುದಿಲ್ಲ.

ಆದ್ದರಿಂದ ಸನ್ಮಾನ ಮಾಡುವ ಸಂಸ್ಥೆಗಳು ಪ್ರಶಸ್ತಿ ಫಲಕದ ಜೊತೆಗೆ ಗ್ರಂಥಾಲಯದ ಆಜೀವ ಪ್ರವೇಶವನ್ನೂ ಕೊಡಲಿ, ಅವರ ಟಿಪ್ಪಣಿಗಳನ್ನು ಡಿಜಿಟಲ್ ಮಾಡಿ ಎಲ್ಲರಿಗೂ ಸಿಗುವಂತೆ ಮಾಡಲಿ. ವರ್ಷಕ್ಕೊಮ್ಮೆ ಅವರನ್ನು ಕರೆಸಿ ಹೊಸ ಅಧ್ಯಾಪಕರ ಜೊತೆ ಅರ್ಧ ದಿನ ಕೂರಿಸಿದರೆ ಇನ್ನೂ ಒಳ್ಳೆಯದು. ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ, ಹಳೆಯ ವಿದ್ಯಾರ್ಥಿಗಳ ಸಂಘಗಳೇ ಶುರು ಮಾಡಬಹುದು.

– ಒಬ್ಬ ಹಳೆಯ ವಿದ್ಯಾರ್ಥಿ