ಐದು ರೂಪಾಯಿ ಬಿಸ್ಕೆಟ್ಟಿನ ಲೆಕ್ಕ

ಗೆಳೆಯಾ,

ಹೋದ ಭಾನುವಾರ ಫೋನಿನಲ್ಲಿ ನೀನಂದ ಮಾತು ಇನ್ನೂ ಕಿವಿಯಲ್ಲೇ ಕೂತಿದೆ. "ಅಕ್ಕಿ ಪುಕ್ಕಟೆ, ಬಸ್ಸು ಪುಕ್ಕಟೆ, ಕರೆಂಟು ಪುಕ್ಕಟೆ, ಮೇಲೆ ತಿಂಗಳಿಗೆ ಎರಡು ಸಾವಿರ. ಇಷ್ಟಾದ್ಮೇಲೂ ಬಡತನ ಅಂದ್ರೆ ಆ ಜನಕ್ಕೆ ಲೆಕ್ಕ ಬರಲ್ಲ ಕಣಲೇ" ಅಂದೆ. ಗಿರಾಕಿಗಳು ನಿಂತಿದ್ದರು, ಹೂಂಗುಟ್ಟಿ ಇಟ್ಟುಬಿಟ್ಟೆ. ರಾತ್ರಿ ಶಟರ್ ಎಳೆದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ವಾಟ್ಸಾಪಿಗೆ ಹಾಕಿದರೆ ನೀನು ಓದದೇ ಹೆಬ್ಬೆರಳು ತೋರಿಸಿ ಸುಮ್ಮನಾಗ್ತೀಯ. ಅದಕ್ಕೇ ನಾಲ್ಕು ಜನಕ್ಕೆ ಕಾಣೋ ಹಾಗೆ ಇಲ್ಲಿ ಬರೀತಿದ್ದೇನೆ. ಬೇಜಾರು ಮಾಡಿಕೊಂಡರೂ ಪೂರ್ತಿ ಓದು.

ನೀನು ಬ್ಯಾಂಕಿನವನು, ನಾನು ದಾವಣಗೆರೆಯ ಮಂಡಕ್ಕಿ ಹುರಿಯೋ ಭಟ್ಟಿಗಳ ಮಗ್ಗುಲಲ್ಲಿ ಕಿರಾಣಿ ಅಂಗಡಿ ಇಟ್ಟವನು. ಆದರೂ ಈ ಒಂದು ವಿಷಯದಲ್ಲಿ ನಿನ್ನ ಕಂಪ್ಯೂಟರಿಗಿಂತ ನನ್ನ ಉದ್ರಿ ಪುಸ್ತಕ ಶಾಣ್ಯಾ. ಅದರಲ್ಲಿ ಒಂದು ಪುಟ ಇದೆ. ಹೆಸರು ಬರೆಯೋದಿಲ್ಲ, ನಾನು ಅವಳನ್ನ ತಂಗಿ ಅಂತೀನಿ. ಜಗಳೂರು ಕಡೆಯವರು. ಎರಡು ಎಕರೆ ಖುಷ್ಕಿ, ಒಂದು ಬತ್ತಿದ ಬೋರು. 2023ರ ಬರದಲ್ಲಿ ಮೆಕ್ಕೆಜೋಳ ತೆನೆಗಟ್ಟಲೇ ಇಲ್ಲ. ಗಂಡ, ಹೆಂಡತಿ, ಅತ್ತೆ, ಮೂರು ಮಕ್ಕಳು ಸಾಮಾನು ಕಟ್ಟಿಕೊಂಡು ಇಲ್ಲಿಗೆ ಬಂದು ಭಟ್ಟಿಗೆ ಸೇರಿದರು. ಸೇರುವಾಗಲೇ ಮಾಲೀಕನ ಹತ್ತಿರ ಮುಂಗಡ ತಗೊಂಡಿದ್ದರು, ಊರಿನ ಗೊಬ್ಬರದಂಗಡಿ ಸಾಲ ತೀರಿಸೋಕೆ.

ನಾವಿಬ್ಬರೂ ಚಿಕ್ಕಂದಿನಲ್ಲಿ ಪೇಪರಿನ ಪೊಟ್ಟಣದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದುಕೊಂಡು ಬೆಳೆದವರು. ಅದನ್ನ ಮಾಡೋದು ಹೇಗೆ ಅಂತ ಒಂದು ದಿನವೂ ಕೇಳಲಿಲ್ಲ ನೋಡು. ಭತ್ತ ನೆನೆಸಬೇಕು, ಬೇಯಿಸಬೇಕು, ಕಣದಲ್ಲಿ ಹರವಿ ಒಣಗಿಸಬೇಕು. ಗಿರಣಿಗೆ ಹಾಕಿಸಿ ತಂದ ಅಕ್ಕಿಗೆ ಉಪ್ಪುನೀರು ಬೆರೆಸಿ, ಕಾದ ಮರಳಿನಲ್ಲಿ ಹುರಿಯಬೇಕು. ಒಲೆಗೆ ಭತ್ತದ ಹೊಟ್ಟು. ಹೊಗೆ ಹೇಗಿರುತ್ತೆ ಅಂದರೆ, ನನ್ನ ಅಂಗಡಿಯ ಬಿಳಿ ಸಕ್ಕರೆ ಡಬ್ಬಿಯ ಮುಚ್ಚಳ ಸಂಜೆಯೊಳಗೆ ಬೂದಿ ಬಣ್ಣಕ್ಕೆ ತಿರುಗಿರುತ್ತೆ. ಹುರಿಯೋ ಕೆಲಸ ಬಿಸಿಲೇರುವ ಮುಂಚೆ ಮುಗೀಬೇಕು, ಹಾಗಾಗಿ ರಾತ್ರಿ ಮೂರಕ್ಕೇ ಏಳ್ತಾರೆ. ಅವರಿಗಾಗಿ ನಾನೂ ನಾಲ್ಕಕ್ಕೆ ಅರ್ಧ ಶಟರ್ ಎತ್ತಿರ್ತೀನಿ.

ಕೂಲಿ ಚೀಲದ ಲೆಕ್ಕದಲ್ಲಿ. ಇದನ್ನ ಸ್ವಲ್ಪ ಯೋಚನೆ ಮಾಡು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದು, 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ ಅಂತಾಯಿತು. ಭಟ್ಟಿಯ ಲೆಕ್ಕದಲ್ಲಿ ಹುಡುಗರ ಹೆಸರೂ ಇಲ್ಲ. ಆದರೆ ಚೀಲಕ್ಕಿಷ್ಟು ಅಂದಾಗ ಆ ಚೀಲ ತುಂಬಿದ ಕೈ ಎಷ್ಟು ಅಂತ ಎಣಿಸೋರು ಯಾರು? ದೊಡ್ಡ ಮಗಳು ಎಂಟನೇ ಕ್ಲಾಸು. ಶಾಲೆಗೆ ಹೊರಡುವ ಮುಂಚೆ ಕಣದಲ್ಲಿ ಭತ್ತ ಕಾಲಾಡಿಸಿ ಹೋಗ್ತಾಳೆ. ಅವಳ ಬಿಳಿ ಕಾಲುಚೀಲದ ಮೇಲೆ ಸದಾ ಭತ್ತದ ಮುಳ್ಳು ಅಂಟಿರುತ್ತೆ.

ಈಗ ಲೆಕ್ಕಕ್ಕೆ ಬರ್ತೀನಿ. ಒಳ್ಳೆ ಬಿಸಿಲಿದ್ದ ವಾರ ಗಂಡ ಹೆಂಡತಿ ಸೇರಿ ದುಡಿಯೋದು 4,200 ರೂಪಾಯಿ. ಅದರಲ್ಲಿ ಮುಂಗಡಕ್ಕೆ 500 ಮುರಕೊಳ್ತಾರೆ. ಮಂಗಳವಾರ ಸಂಘದ ಸಾಲದ ಕಂತು 1,150. ಮನೆ ಬಾಡಿಗೆ ವಾರಕ್ಕೆ ಬಿಡಿಸಿದರೆ 600. ಉಳಿದದ್ದು 1,950. ಆರು ಹೊಟ್ಟೆ, ಏಳು ದಿನ. ತಲೆಗೆ ದಿನಕ್ಕೆ 46 ರೂಪಾಯಿ. ನಿನ್ನ ಆಫೀಸಿನ ಕೆಳಗೆ ಒಂದು ಬೆಣ್ಣೆ ದೋಸೆಗೆ ಎಷ್ಟು ಕೊಡ್ತೀಯ ಹೇಳು. (ಅಲ್ಲಿ ಸಿಗೋದು ದಾವಣಗೆರೆ ಬೆಣ್ಣೆ ದೋಸೆ ಅಲ್ಲ, ಆ ಜಗಳ ಇನ್ನೊಮ್ಮೆ ಆಡೋಣ.)

ಇದು ಬಿಸಿಲಿನ ಕಥೆ. ಮಳೆಗಾಲದಲ್ಲಿ ಕಣ ಒಣಗಲ್ಲ, ಭತ್ತ ಒಣಗಲ್ಲ, ಚೀಲ ಅರ್ಧಕ್ಕಿಳಿಯುತ್ತೆ. 2,100. ಆದರೆ ಮುಂಗಡ, ಕಂತು, ಬಾಡಿಗೆ ಮಳೆ ನೋಡಿ ಕಡಿಮೆಯಾಗಲ್ಲವಲ್ಲ. ಮೂರೂ ಸೇರಿ 2,250. ಅಂದರೆ ಒಂದು ಕಾಳು ಬೇಳೆ ತರುವ ಮುಂಚೆಯೇ 150 ರೂಪಾಯಿ ಸಾಲ. ಆ ವಾರಗಳಲ್ಲೇ ನನ್ನ ಪುಸ್ತಕದಲ್ಲಿ ಅವಳ ಪುಟ ಉದ್ದ ಬೆಳೆಯೋದು.

ಅಕ್ಕಿ ಬರುತ್ತೆ, ನಿಜ. 2025ರ ಫೆಬ್ರವರಿಯಿಂದ ತಲೆಗೆ 10 ಕೆ.ಜಿ. ಆಯಿತು. ಕೊನೇ ಹುಡುಗನ ಹೆಸರು ಇನ್ನೂ ಕಾರ್ಡಿಗೆ ಸೇರಿಲ್ಲ, ಹಾಗಾಗಿ ಸಿಕ್ಕಿದ್ದು ಐದು ತಲೆಗೆ 50. ನ್ಯಾಯಬೆಲೆ ಅಂಗಡಿಯ ಮಿಷನ್ನು ಇವಳ ಹೆಬ್ಬೆಟ್ಟು ಗುರುತು ಹಿಡಿಯಲ್ಲ, ಬಿಸಿ ಮರಳು ಗೆರೆಗಳನ್ನೆಲ್ಲ ತಿಂದುಹಾಕಿದೆ. ಪ್ರತಿ ತಿಂಗಳು ಅತ್ತೆಯನ್ನ ಕರಕೊಂಡು ಹೋಗಿ ಬೆರಳು ಕೊಡಿಸಿ ತರ್ತಾಳೆ. ಗೃಹಲಕ್ಷ್ಮಿಯ ಎರಡು ಸಾವಿರವೂ ಅತ್ತೆ ಖಾತೆಗೇ, ಕಾರ್ಡಿನಲ್ಲಿ ಯಜಮಾನಿ ಅವರೇ. ಅದು ಅವರ ಬಿಪಿ ಮಾತ್ರೆಗೆ, ಊರಿಗೆ ಹೋಗಿ ಬರೋಕೆ, ಒಮ್ಮೊಮ್ಮೆ ಮೊಮ್ಮಕ್ಕಳ ಬಟ್ಟೆಗೆ. ತಡೆದು ಬಂದರೆ ಅದೂ ಇಲ್ಲ. ಅಂದರೆ ಆ ಮನೆಯಲ್ಲಿ ಅನ್ನಕ್ಕೆ ಬರ ಇಲ್ಲಪ್ಪ, ಅನ್ನದ ಜತೆ ಕಲಸೋದಕ್ಕೆ ಬರ. ರೇಷನ್ ಅಕ್ಕಿ ಮಾರ್ಕೊಳ್ತಾರೆ ಅಂತಲೂ ಅಂದೆ ನೀನು. ಹೌದು, ಒಂದು ಹತ್ತು ಕೆ.ಜಿ. ಮಾರ್ತಾಳೆ. ಆ ದುಡ್ಡಲ್ಲಿ ಎಣ್ಣೆ ತರ್ತಾಳೆ. ಬರೀ ಅನ್ನ ತಿಂದು ನೀನೊಂದು ವಾರ ಇದ್ದು ತೋರಿಸು, ಆಮೇಲೆ ಮಾತಾಡೋಣ.

ಇನ್ನೊಂದು ಮಾತು ಹೇಳಬೇಕು, ಇದು ನನ್ನ ಹೊಟ್ಟೆಯೊಳಗಿನದು. ಸಕ್ಕರೆ ಕೆ.ಜಿ.ಗೆ 46. ತಿಂಗಳ ಸಾಮಾನು ಒಟ್ಟಿಗೆ ಒಯ್ಯುವ ಮೇಷ್ಟ್ರಿಗೆ ನಾನು ಕೊಡೋದು ಆ ರೇಟಿಗೇ. ಇವಳು ಹತ್ತು ರೂಪಾಯಿ ಸಕ್ಕರೆ ಕೇಳ್ತಾಳೆ. ನಾನು ಕಟ್ಟೋದು 190 ಗ್ರಾಂ. ಗುಣಿಸಿ ನೋಡು, ಕೆ.ಜಿ.ಗೆ 52 ದಾಟುತ್ತೆ. ಎಣ್ಣೆ, ಚಹಾಪುಡಿ, ಸೋಪು, ಎಲ್ಲಾ ಹೀಗೇ. ಚಿಲ್ಲರೆ ಕಟ್ಟೋಕೆ ಪೇಪರು, ದಾರ, ಹೊತ್ತು ಖರ್ಚಾಗುತ್ತೆ ಅಂತ ನನಗೆ ನಾನೇ ಹೇಳ್ಕೊಳ್ತೀನಿ. ಸುಳ್ಳಲ್ಲ. ಆದರೂ ಮೇಷ್ಟ್ರಿಗಿಂತ ಇವಳ ಸಕ್ಕರೆಯಲ್ಲೇ ನನಗೆ ಲಾಭ ಹೆಚ್ಚು ಅನ್ನೋದೂ ಸುಳ್ಳಲ್ಲ. ಇದು ಅವಳಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ಒಂದಿನ ನಗ್ತಾ ಅಂದಳು: "ಕೇಜಿ ತಗಂಡ್ರೆ ಅಗ್ಗ ಬೀಳುತ್ತೆ ಅಂತ ಗೊತ್ತಣ್ಣ. ನಲವತ್ತಾರು ರೂಪಾಯಿ ಒಂದೇ ಸಲಕ್ಕೆ ಸಕ್ರೆಗೇ ಹಾಕಿಬಿಟ್ರೆ ಉಳಿದಿದ್ದಕ್ಕೆ ಏನ್ ಮಾಡ್ಲಿ?"

ಶಾಲೆ ರಜೆ ಬಿದ್ದದ್ದೂ ನನ್ನ ಪುಸ್ತಕ ನೋಡಿದರೆ ತಿಳಿಯುತ್ತೆ. ಏಪ್ರಿಲ್ ಹತ್ತು ದಾಟಿತೋ, ಅವಳ ಪುಟದಲ್ಲಿ ಬೇಳೆ ವಾರಕ್ಕೆ ಎರಡು ಸಲ ಕಾಣಿಸಿಕೊಳ್ಳುತ್ತೆ. ಜೂನಿನಲ್ಲಿ ಮತ್ತೆ ಒಂದಕ್ಕಿಳಿಯುತ್ತೆ. ಬಿಸಿಯೂಟ ಅಂದರೆ ಅಷ್ಟು. 2024ರಲ್ಲಿ 223 ಬರಪೀಡಿತ ತಾಲ್ಲೂಕುಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಟ್ಟರಲ್ಲ, ಆ ಬೇಸಿಗೆಯಲ್ಲಿ ಅವಳ ಬೇಳೆ ಹೆಚ್ಚಾಗಲಿಲ್ಲ. ಈಗ ಶಾಲೆಯಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಅಂತೆ. ನಡುವಿನ ಹುಡುಗ ಜ್ವರ ಬಂದರೂ ಶಾಲೆ ತಪ್ಪಿಸಲ್ಲ. ಓದಿನ ಹುಚ್ಚು ಅಂತ ಅವನ ಮೇಷ್ಟ್ರು ಹೊಗಳಿದರು, ನಾನು ಸುಮ್ಮನಿದ್ದೆ.

ಕೊನೆಯವನಿಗೆ ನಾಲ್ಕು ವರ್ಷ. ಅಂಗನವಾಡಿ ಟೀಚರಮ್ಮ ಸಾಮಾನಿಗೆ ಬಂದಾಗ ಹೇಳಿದರು, ಎತ್ತರ ಮೂರು ವರ್ಷದವನಷ್ಟೇ ಇದೆಯಂತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ಹೀಗೆ ವಯಸ್ಸಿಗೆ ತಕ್ಕಷ್ಟು ಬೆಳೆಯದವರು. ಪೇಪರಿನಲ್ಲಿ ಓದಿದಾಗ ಅದು ಬರೀ ಅಂಕಿ. ನನ್ನ ಕೌಂಟರಿನ ಅಂಚಿಗೆ ಇವನ ಕಣ್ಣು ಎಟುಕಲ್ಲ, ನೆತ್ತಿ ಮಾತ್ರ ಕಾಣುತ್ತೆ.

ಇವನದೇ ಬಿಸ್ಕೆಟ್ ಕಥೆ. ನೀನಂದೆಯಲ್ಲ, "ಕಂಡಕಂಡ ಪಾಕೀಟು ತಿನ್ನಿಸಿ ದುಡ್ಡು ಹಾಳು ಮಾಡ್ತಾರೆ" ಅಂತ. ನಾನೂ ಅದನ್ನೇ ಅಂದಿದ್ದೆ ಕಣೋ, ನಿನಗಿಂತ ಮುಂಚೆ. ದಿನಾ ಬೆಳಗಿನ ಜಾವ ನಾಲ್ಕಕ್ಕೆ ಬಂದು ಐದು ರೂಪಾಯಿ ಬಿಸ್ಕೆಟ್ ಬರೆಸೋಳು. ತಿಂಗಳ ಕೊನೆಗೆ ಕೂಡಿಸಿದಾಗ ಬಿಸ್ಕೆಟ್ಟೇ 150 ಆಗಿತ್ತು. "ಏನವ್ವಾ, ಬೇಳೆ ವಾರಕ್ಕೊಮ್ಮೆ ಬರೆಸ್ತೀಯ, ಬಿಸ್ಕೆಟ್ ಮಾತ್ರ ದಿನಾ ಬರೆಸ್ತೀಯ. ಕೂಸಿಗೆ ಅನ್ನ ತಿನ್ಸು" ಅಂದೆ, ಊರ ಹಿರಿಯನ ಹಾಗೆ. ಪಕ್ಕದಲ್ಲಿ ಇನ್ನಿಬ್ಬರು ನಿಂತಿದ್ದರು ಬೇರೆ.

ಅವಳು ಸಿಟ್ಟಾಗಲಿಲ್ಲ. "ಮನೇಲಿ ಬಿಟ್ಟು ಬಂದ್ರೆ ಕತ್ಲಾಗೆ ಎದ್ದು ಅಳ್ತಾನಣ್ಣ, ಅತ್ತೆಗೆ ಕಣ್ಣು ಮಂಜು. ಭಟ್ಟಿಗೆ ಕರ್ಕಂಡ್ ಬಂದ್ರೆ ಒಲೆ ಹತ್ರ ಓಡ್ತಾನೆ. ಕೈಗೆ ಇದೊಂದು ಕೊಟ್ರೆ ಚೀಲದ ಮ್ಯಾಲೆ ಕುಂತು ಒಂದೊಂದೇ ನೆಕ್ಕಂತ ಬೆಳಕು ಹರಿಯೋ ಮಟ ಇರ್ತಾನೆ. ಐದು ರೂಪಾಯಿಗೆ ಒಂದು ತಾಸು ಬೆಂಕಿಯಿಂದ ದೂರ" ಅಂದಳು.

ಅವತ್ತಿನಿಂದ ನಾನು ಯಾರ ಬಿಸ್ಕೆಟ್ಟಿನ ಬಗ್ಗೆಯೂ ಮಾತಾಡಿಲ್ಲ.

ನಿಮ್ಮಪ್ಪ, ನಮ್ಮಪ್ಪ ಇಬ್ಬರೂ ಹತ್ತಿ ಮಿಲ್ಲಿನವರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲ. ಮಿಲ್ಲು ಮುಚ್ಚಿ ಸೈರನ್ ನಿಂತಾಗ ನಮ್ಮ ಮನೆಗಳಲ್ಲೂ ಗಂಜಿ ಕುಡಿದದ್ದುಂಟು, ಮರೆತಿಲ್ಲ. ಆದರೆ ಅವರಿಗೆ ಪಿ.ಎಫ್. ಅಂತ ಒಂದಿತ್ತು, ಇಎಸ್‌ಐ ಆಸ್ಪತ್ರೆ ಚೀಟಿ ಇತ್ತು, ಕೆಂಪು ಬಾವುಟ ಹಿಡಿದು ಗೇಟಿನ ಮುಂದೆ ಕೂರೋ ಯೂನಿಯನ್ ಇತ್ತು. ಆ ಪಿ.ಎಫ್. ದುಡ್ಡಿನಲ್ಲಿ ನಮ್ಮಪ್ಪ ಈ ಅಂಗಡಿ ಇಟ್ಟ, ನಿಮ್ಮಪ್ಪ ನಿನ್ನ ಕಾಲೇಜು ಫೀಸು ಕಟ್ಟಿದರು. ನಾವು ಶ್ಯಾಣ್ಯಾರಾಗಿ ಮೇಲೆ ಬಂದೆವು ಅಂತ ಅಂದುಕೊಳ್ಳೋದು ಚೆಂದ. ನಾಳೆ ಭಟ್ಟಿ ಮುಚ್ಚಿದರೆ ಇವಳ ಕೈಗೆ ಬರೋದು ಮಾತ್ರ ಮುಂಗಡದ ಬಾಕಿ ಚೀಟಿ.

ಸಂಘದ ಕಂತಿನ ವಿಚಾರ ನಿನಗೇ ಚೆನ್ನಾಗಿ ಗೊತ್ತಿರಬೇಕು. ಗುಂಪಿನ ಹೆಂಗಸರು ಒಬ್ಬರಿಗೊಬ್ಬರು ಜಾಮೀನು, ಒಬ್ಬಳು ಕಟ್ಟದಿದ್ದರೆ ಉಳಿದವರು ತುಂಬಿಕೊಡಬೇಕು. ವಸೂಲಿಯವನು ಗದರಬೇಕಾಗೇ ಇಲ್ಲ, ಕಟ್ಟೆ ಮೇಲೆ ಸುಮ್ಮನೆ ಕೂತರೆ ಸಾಕು, ಗೆಳತಿಯರೇ ಗದರ್ತಾರೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂದಿತು. ಒಳ್ಳೇದೇ. ಆದರೆ ಇವಳಿಗೆ ಹೆದರಿಕೆ ವಸೂಲಿಯವನದಲ್ಲ. ಮಂಗಳವಾರ ತಪ್ಪಿಸಿದರೆ ಪಕ್ಕದ ಮನೆಯಾಕೆ ನೀರು ಹಿಡಿಯೋಕೆ ಸರದಿ ಬಿಡಲ್ಲ ಅನ್ನೋದು.

ದೀಪಾವಳಿಗೆ ಬಂದಾಗ ಆ ಮಕ್ಕಳಿಗೆ ಏನಾದರೂ ಕೊಡಿಸ್ತೀನಿ ಅಂತಲೂ ಅಂದೆಯಲ್ಲ. ಬಣ್ಣದ ಪೆನ್ಸಿಲ್, ಬೊಂಬೆ ತರಬೇಡ. ಆ ಕೊನೇ ಹುಡುಗನ ಹೆಸರು ಕಾರ್ಡಿಗೆ ಸೇರಿಸಬೇಕು. ಎರಡು ಸಲ ಹೋಗಿ ಸರ್ವರ್ ಇಲ್ಲ ಅಂತ ವಾಪಸ್ ಬಂದಿದ್ದಾಳೆ. ಒಂದು ದಿನ ಅಲೆದರೆ ಒಂದು ದಿನದ ಚೀಲ ಹೋಗುತ್ತೆ. ನಿನಗೆ ಆ ಅರ್ಜಿ, ಆಧಾರ್, ಆನ್‌ಲೈನ್ ಎಲ್ಲಾ ಗೊತ್ತು. ರಜೆ ಹಾಕಿ ಒಂದು ದಿನ ಅವಳ ಜತೆ ಸಾಲಿನಲ್ಲಿ ನಿಲ್ಲು. ನಾನೇ ನಿಲ್ಲಬಹುದಿತ್ತು. ಅಂಗಡಿ ಅಂತ ನೆಪ ಹೇಳಿ ಮುಂದೂಡಿದ್ದೇನೆ, ಅದನ್ನೂ ಬರೆದುಬಿಡ್ತೀನಿ.

ಮಳೆ ಹಿಡಿದಿದೆ. ಎದುರಿನ ಕಣದಲ್ಲಿ ಟಾರ್ಪಾಲು ಎಳೆದು ಕಲ್ಲು ಹೇರಿದ್ದಾರೆ. ಈಗಷ್ಟೇ ತಲೆ ಮೇಲೆ ಗೊಬ್ಬರದ ಚೀಲ ಹೊದ್ದುಕೊಂಡು ಬಂದಿದ್ದಳು. "ನಾಳೆ ಭಟ್ಟಿ ಹಚ್ಚಲ್ವಂತೆ ಅಣ್ಣ, ಬಿಸ್ಕೆಟ್ ಬ್ಯಾಡ. ಕಾಲ್ ಕೇಜಿ ಬೇಳೆ ಬರ್ಕ" ಅಂದಳು. ಬರಕೊಂಡೆ.

ನಿನ್ನ,
ಅಂಗಡಿಯವನು